ಬೋಟಿನ ಬಜರ್ ಕೂಗಲಿ

ಸಂಜೆ ಪಾಠಕ್ಕೆ ಬರುವ ಅಕ್ಕ ಒಬ್ಬರು ಮೂರು ದಿನ ಬರಲಿಲ್ಲ. ನಾವು ಅವರ ಮನೆಗೆ ಹೋದೆವು.

"ಎಂತ ಹೇಳುವುದು ಟೀಚರೇ? ನಮ್ಮ ಬೋಟಿನ ಎಂಜಿನ್ ಕಡಲ ಮಧ್ಯೆ ಜಾಮ್ ಆಯಿತು. ಬೇರೆ ಬೋಟಿನವರು ಹಗ್ಗ ಕಟ್ಟಿ ಎಳೆದು ತಂದರು" ಎಂದರು.

ಜೀವ ಉಳಿಯಿತು. ರಿಪೇರಿಗೆ ಮಾಡಿದ ಸಾಲವೂ ಉಳಿಯಿತು.

ಆ ಬೋಟಿನಲ್ಲಿ ಎಚ್ಚರಿಕೆಯ ಬಜರ್ ಇತ್ತು. ಆದರೆ ಅದು ಕೂಗಲಿಲ್ಲ. ಅದರ ವಯರು ಉಪ್ಪುಗಾಳಿಗೆ ಹಸಿರುಗಟ್ಟಿ ತುಂಡಾಗಿತ್ತು. ಬಜರ್ ಸುಮ್ಮನಿದೆ, ಹಾಗಾದರೆ ಎಲ್ಲ ಸರಿ ಉಂಟು ಎಂದೇ ಮನೆಯವರು ತಿಳಿದಿದ್ದರು. ನಿಜ ಹೇಳಬೇಕೆಂದರೆ ನಮಗೂ ಇದು ಗೊತ್ತಿರಲಿಲ್ಲ. ಮೆಕ್ಯಾನಿಕ್ ಹತ್ತಿರ ಕೂತು ಕಲಿತೆವು.

ಎಂಜಿನ್ನಿಗೆ ಎರಡು ಅಪಾಯ. ಒಂದು, ಆಯಿಲ್ ಒತ್ತಡ ಇಳಿಯುವುದು. ಆಯಿಲ್ ಅಂದರೆ ಎಂಜಿನ್ ಎಣ್ಣೆ. ಇನ್ನೊಂದು, ಬಿಸಿ ಏರುವುದು. ಹೆಚ್ಚಿನ ಬೋಟುಗಳಲ್ಲಿ ಕಡಲ ನೀರೇ ಎಂಜಿನ್ನನ್ನು ತಂಪು ಮಾಡುತ್ತದೆ. ನೀರು ಎಳೆಯುವ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ಅಂಟಿದರೂ ಸಾಕು, ಎಂಜಿನ್ ಕಾದು ಹೋಗುತ್ತದೆ.

ಇದಕ್ಕಾಗಿ ಎಂಜಿನ್ನಿಗೆ ಎರಡು ಚಿಕ್ಕ ಸ್ವಿಚ್ ಕೂರಿಸುತ್ತಾರೆ. ಎಣ್ಣೆ ಸ್ವಿಚ್ ಒತ್ತಡ ಇಲ್ಲದಾಗ ಕರೆಂಟು ಬಿಡುತ್ತದೆ, ಒತ್ತಡ ಬಂದ ಮೇಲೆ ತಡೆಯುತ್ತದೆ. ಬಿಸಿ ಸ್ವಿಚ್ ಎಂಜಿನ್ ತುಂಬಾ ಕಾದಾಗ ಮಾತ್ರ ಕರೆಂಟು ಬಿಡುತ್ತದೆ.

ಕರೆಂಟಿನ ದಾರಿ ಹೀಗೆ. ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸಿಗೆ. ಅಲ್ಲಿಂದ ಕೀ ಸ್ವಿಚ್ಚಿಗೆ, ಅಲ್ಲಿಂದ ಬಜರಿಗೆ. ಬಜರಿನ ಇನ್ನೊಂದು ತುದಿಯಿಂದ ಎರಡು ಕವಲು. ಒಂದು ಎಣ್ಣೆ ಸ್ವಿಚ್ಚಿಗೆ, ಒಂದು ಬಿಸಿ ಸ್ವಿಚ್ಚಿಗೆ. ಒಂದೇ ವಯರಿನ ಸ್ವಿಚ್ ಆದರೆ ಕರೆಂಟು ಅದರ ಮರೆಯ ಮೂಲಕ ಎಂಜಿನ್ನಿನ ಕಬ್ಬಿಣಕ್ಕೆ ಇಳಿದು, ಬ್ಯಾಟರಿಯ ಮೈನಸ್‌ಗೆ ಮರಳುತ್ತದೆ. ಆ ಮರೆಗೆ ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಬೇಡಿ. ದಾರಿ ಕಡಿಯಬಹುದು. ಬ್ಯಾಟರಿ 12 ವೋಲ್ಟ್ ಆದರೆ ಬಜರೂ 12 ವೋಲ್ಟಿನದೇ ಬೇಕು. ಕೈ ಹಾಕುವ ಮೊದಲು ಬ್ಯಾಟರಿಯ ಮೈನಸ್ ವಯರು ಬಿಚ್ಚಿ.

ಈಗ ಮುಖ್ಯ ಮಾತು. ದಿನಾ ಹೊರಡುವ ಮೊದಲು ಕೀ ತಿರುಗಿಸಿ. ಎಂಜಿನ್ ಚಾಲೂ ಮಾಡಬೇಡಿ. ಆಗ ಎಣ್ಣೆಯ ಒತ್ತಡ ಇಲ್ಲ, ಆದ್ದರಿಂದ ಬಜರ್ ಕೂಗಲೇಬೇಕು. ಕೂಗದಿದ್ದರೆ ಬಜರ್ ಸತ್ತಿರಬಹುದು, ವಯರು ಕಡಿದಿರಬಹುದು, ಇಲ್ಲವೇ ಫ್ಯೂಸೋ ಎಣ್ಣೆ ಸ್ವಿಚ್ಚೋ ಕೆಟ್ಟಿರಬಹುದು. ಎಂಜಿನ್ ಚಾಲೂ ಆಗಿ ಸ್ವಲ್ಪ ಹೊತ್ತಿಗೆ ಕೂಗು ನಿಲ್ಲಬೇಕು.

ಬಿಸಿಯ ವಯರಿಗೆ ಬೇರೆ ಪರೀಕ್ಷೆ ಉಂಟು. ಎಂಜಿನ್ ನಿಲ್ಲಿಸಿ, ಕೀ ಹಾಕಿಡಿ. ಎಣ್ಣೆ ಸ್ವಿಚ್ಚಿನ ವಯರು ಕಳಚಿದರೆ ಕೂಗು ನಿಲ್ಲುತ್ತದೆ. ಬಿಸಿ ಸ್ವಿಚ್ಚಿನ ವಯರು ಕಳಚಿ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಮುಟ್ಟಿಸಿ. ಕೂಗಿದರೆ ವಯರು ಸರಿ ಇದೆ. ಸ್ವಿಚ್ ಸರಿಯೋ ಎಂದು ಇದರಿಂದ ತಿಳಿಯದು, ಅದನ್ನು ಮೆಕ್ಯಾನಿಕ್ ನೋಡಬೇಕು. ಎರಡೂ ವಯರು ಮತ್ತೆ ಹಾಕಲು ಮರೆಯಬೇಡಿ.

ಓಡುವಾಗ ಕೂಗಿದರೆ ಕೆಲವರು ಬಜರಿನ ವಯರನ್ನೇ ಕೀಳುತ್ತಾರೆ! ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಸುತ್ತ ನೋಡಿ, ಬೇಗ ಎಂಜಿನ್ ನಿಲ್ಲಿಸಬೇಕು. ಆಮೇಲೆ ಎಣ್ಣೆ, ನೀರು ನೋಡಬೇಕು.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆ ಅಕ್ಕನ ಮನೆಯವರು ಆಗ ಹೊಸ ವಯರು ಎಳೆಸಿದರು. ಯಾವುದು ಯಾವ ವಯರು ಎಂದು ಚೀಟಿ ಅಂಟಿಸಬೇಕಿತ್ತು. ಅಕ್ಕ ತಾವೇ ಬರೆದರು. "ಬಿಸಿ" ಸುಲಭವಾಗಿ ಬಂತು. "ಎಣ್ಣೆ"ಯ ಒತ್ತು ಎರಡು ಸಲ ತಪ್ಪಿತು. ಮೂರನೇ ಚೀಟಿಯನ್ನು ಅಂಟಿಸಿದರು.