ದುಃಖದ ಮನೆಗೆ ಹೋದಾಗ



ಹಾನಗಲ್ಲ, ಶಿಗ್ಗಾಂವಿಯಿಂದ ಪಶ್ಚಿಮಕ್ಕೆ ಹೋದರೆ ಮುಂಡಗೋಡ. ಅಲ್ಲಿಂದ ಯಲ್ಲಾಪುರ, ಹಳಿಯಾಳದವರೆಗೆ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನರ ಮನೆಗಳಿವೆ. ಆಫ್ರಿಕದಿಂದ ಬಂದವರ, ಬಹುಪಾಲು ಪೋರ್ಚುಗೀಸರು ಗುಲಾಮರಾಗಿ ತಂದವರ ಸಂತತಿ ಇವರು. ಇವರಲ್ಲಿ ಹಿಂದೂಗಳು, ಮುಸ್ಲಿಮರು ಇರುವಂತೆ ನಮ್ಮ ಕಥೋಲಿಕ ಸಹೋದರ ಸಹೋದರಿಯರೂ ಇದ್ದಾರೆ. ತಲೆಮಾರುಗಳಿಂದ ಈ ನೆಲದವರೇ ಆದರೂ ಬಸ್ಸಿನಲ್ಲಿ, ಸಂತೆಯಲ್ಲಿ "ಯಾವ ದೇಶದವರು?" ಎಂಬ ಪ್ರಶ್ನೆ ತಪ್ಪಿಲ್ಲ.

ಇಂಥ ಮನೆಯಲ್ಲಿ ಸಾವಾದಾಗ ದುಃಖ ಒಂದೇ ಅಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ, ಅವನ ಬಣ್ಣ, ಕೂದಲು ನೋಡಿ ಜನ ನಕ್ಕದ್ದೂ ನೆನಪಾಗುತ್ತದೆ. "ನಾವು ಸಿದ್ದಿಗಳೆಂದು ಕಡೆಗಣಿಸಿದರೇ?" ಎಂಬ ಸಂಶಯ ಒಳಗೇ ಕೊರೆಯುತ್ತದೆ. ಆಗ ನಾವು "ಎಲ್ಲವೂ ದೇವರ ಚಿತ್ತ" ಎಂದುಬಿಟ್ಟರೆ ಆಕೆಯ ಬಾಯಿ ಮುಚ್ಚಿಸಿದಂತೆ. ಮನುಷ್ಯರು ಮಾಡಿದ ಅವಮಾನವನ್ನು ದೇವರ ಲೆಕ್ಕಕ್ಕೆ ಬರೆಯಬಾರದು.

ಯೋಬನ ಗೆಳೆಯರನ್ನು ನೆನೆಯಿರಿ. ಏಳು ದಿನ, ಏಳು ರಾತ್ರಿ ಅವರು ಮಾತಾಡದೆ ಅವನ ಜೊತೆ ನೆಲದ ಮೇಲೆ ಕುಳಿತರು. ಅದು ಸಾಂತ್ವನ. ಬಾಯಿ ತೆರೆದು ಕಾರಣ ಹೇಳತೊಡಗಿದಾಗ ಅವನ ನೋವು ಹೆಚ್ಚಿತು.

ನಾವು ಮಾಡಬಹುದಾದದ್ದು:

1. ಮೊದಲು ಕೇಳಿರಿ. ಅವಮಾನದ ಮಾತು ಬಂದರೆ "ಹಾಗೇನಿಲ್ಲ, ಬಿಡಿ" ಎನ್ನದೆ ನಂಬಿರಿ.

2. ಮನೆಮಾತು ಕೊಂಕಣಿಯಾದರೆ ಪ್ರಾರ್ಥನೆಯೂ ಆ ಭಾಷೆಯಲ್ಲಿರಲಿ. ತೀರಿಕೊಂಡ ಹಿರಿಯರನ್ನು ನೆನೆಯುವ ಅವರ ವಾಡಿಕೆಯನ್ನು ಹಗುರವಾಗಿ ಕಾಣಬೇಡಿ. ನವೆಂಬರ್ 2ರಂದು ಸಮಾಧಿಗಳಲ್ಲಿ ಮೇಣದಬತ್ತಿ ಹಚ್ಚುವವರು ನಾವೂ ಅಲ್ಲವೇ?

3. ಮಣ್ಣು ಮಾಡಿದ ದಿನಕ್ಕೇ ನಿಲ್ಲಿಸದೆ, ತಿಂಗಳ ನಂತರವೂ ಹೋಗಿರಿ.

4. ತಿಂಗಳುಗಟ್ಟಲೆ ನಿದ್ದೆ, ಊಟ ಬಿಟ್ಟವರನ್ನು, ಸಾಯುವ ಮಾತಾಡುವವರನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಮಾನಸಿಕ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿಬನ್ನಿ.

ಇದು ಸಿದ್ದಿಗಳ ಮಾತು ಮಾತ್ರ ಎಂದುಕೊಳ್ಳಬೇಡಿ. 2010ರ ಜುಲೈಯಲ್ಲಿ ನಮ್ಮ ಸವಣೂರಿನಲ್ಲೇ ಭಂಗಿ ಸಮುದಾಯದವರು, ವಾಸದ ಮನೆ ಬಿಡಿಸುತ್ತಾರೆಂದು ನೊಂದು, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಅಷ್ಟಾಗುವವರೆಗೆ ಅವರ ಅಳು ಎಷ್ಟು ಜನರ ಕಿವಿಗೆ ಬಿದ್ದಿತ್ತು? ಅಂಥ ಮನೆಯಲ್ಲಿ ಸಾವಾದರೆ, ಹಿರೇಕೆರೂರಿನಲ್ಲಾಗಲಿ ಹಾನಗಲ್ಲಿನಲ್ಲಾಗಲಿ, ನಾವು ಹೊಸ್ತಿಲು ದಾಟಿ ಒಳಗೆ ಕೂರುತ್ತೇವೆಯೇ? ಕೊಟ್ಟ ಚಹಾ ಕುಡಿಯುತ್ತೇವೆಯೇ?

ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿ ಮೊದಲು ಕಣ್ಣೀರಿಟ್ಟರು. ಲಾಜರನನ್ನು ಕರೆದದ್ದು ಆಮೇಲೆ.

ಕುಟುಂಬದಲ್ಲಿ ಚಿಂತನೆಗೆ: ಈ ವರ್ಷ ನಮ್ಮ ಓಣಿಯಲ್ಲಿ ಸಾವಾದ ಯಾವ ಮನೆಗೆ ನಾವು ಹೋಗಲಿಲ್ಲ? ಏಕೆ?