ಕಾಲುವೆ ದಂಡೆಯ ಗರಸು ದಾರಿ ಮತ್ತು ನಿಮ್ಮ ಸೈಕಲ್

"ದಿನಾಲೂ ಸ್ವಲ್ಪ ವ್ಯಾಯಾಮ ಮಾಡಿ" ಎಂದು ವೈದ್ಯರು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಮನೆಗೆ ಬಂದ ಮೇಲೆ ತೊಡಕು ಶುರುವಾಗುತ್ತದೆ. ನಡೆದರೆ ಮೊಣಕಾಲು ನೋವು. ಸೈಕಲ್ ತುಳಿಯೋಣವೆಂದರೆ ರಾಯಚೂರು–ಮಾನ್ವಿ ರಸ್ತೆಯಾಗಲಿ, ರಾಯಚೂರು–ದೇವದುರ್ಗ ರಸ್ತೆಯಾಗಲಿ, ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಓಡಾಟ. ಈ ಭಯ ಸುಳ್ಳಲ್ಲ. ಸೈಕಲ್ ಮೂಲೆ ಸೇರಲು ಸೋಮಾರಿತನದಷ್ಟೇ ಈ ಭಯವೂ ಕಾರಣ. ವಾಹನಗಳ ಕಾಟವಿಲ್ಲದ ದಾರಿಯೊಂದು ಸಿಕ್ಕರೆ?

ಸ್ಪೇನ್ ದೇಶದವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ರೈಲು ಓಡುವುದು ನಿಂತುಹೋದ ಹಳೆಯ ಮಾರ್ಗಗಳನ್ನು 1993ರಿಂದ ನಡೆಯುವವರಿಗೆ ಮತ್ತು ಸೈಕಲ್ ಸವಾರರಿಗೆ ಬಿಟ್ಟುಕೊಡಲಾಗುತ್ತಿದೆ. 'ವಿಯಾಸ್ ವೆರ್ದೆಸ್', ಅಂದರೆ ಹಸಿರು ದಾರಿಗಳು, ಎಂದು ಅವುಗಳ ಹೆಸರು. ಇಂದು ಇವು 3,000 ಕಿ.ಮೀ.ಗೂ ಹೆಚ್ಚು ಉದ್ದವಿವೆ. ಬಹಳಷ್ಟು ಕಡೆ ಡಾಂಬರಿಲ್ಲ, ಬಿಗಿಯಾದ ಗರಸು ನೆಲ. ರೈಲು ಕಡಿದಾದ ಏರು ಹತ್ತಲಾರದು. ಆದ್ದರಿಂದ ಈ ದಾರಿಗಳಲ್ಲಿ ಏರಿಳಿತ ಕಡಿಮೆ. ವಯಸ್ಸಾದವರೂ ಸಲೀಸಾಗಿ ಸೈಕಲ್ ತುಳಿಯುತ್ತಾರೆ.

ನಮ್ಮಲ್ಲಿ ಅಂಥ ಹಳಿ ಮಾರ್ಗಗಳಿಲ್ಲ, ಕಾಲುವೆಗಳಿವೆ. ಮಾನ್ವಿ ಕಡೆಗೆ 227 ಕಿ.ಮೀ. ಉದ್ದದ ತುಂಗಭದ್ರಾ ಎಡದಂಡೆ ಕಾಲುವೆ. ದೇವದುರ್ಗ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ. ನೀರು ತಾನಾಗಿಯೇ ಹರಿಯಬೇಕಾದ್ದರಿಂದ ಕಾಲುವೆಯನ್ನು ತೀರ ಕಡಿಮೆ ಇಳಿಜಾರಿನಲ್ಲಿ ತೋಡಿರುತ್ತಾರೆ. ಹಾಗಾಗಿ ಅದರ ದಂಡೆಯ ಮೇಲಿನ ಉಸ್ತುವಾರಿ ದಾರಿಯೂ ಬಹುಪಾಲು ಸಮತಟ್ಟು. ಕೆಲವು ಕಡೆ ಅದು ಗಟ್ಟಿ ಗರಸು, ಕೆಲವು ಕಡೆ ತಗ್ಗುದಿನ್ನೆ, ಕೆಲವು ಕಡೆ ಜಾಲಿ ಬೆಳೆದ ಕಾಲುಹಾದಿ. ನಿಮ್ಮ ಊರಿನ ಹತ್ತಿರ ಯಾವ ಭಾಗ ಚೆನ್ನಾಗಿದೆ, ಎಲ್ಲಿ ಹೋಗಬಹುದು ಎಂಬುದನ್ನು ಕಾಲುವೆಯ ಗ್ಯಾಂಗ್‌ಮನ್‌ಗಳನ್ನೇ ಕೇಳಿ. ಕಾಲುವೆ ದೂರವಿರುವ ರಾಯಚೂರು ನಗರದವರು ವಾರದ ದಿನಗಳಲ್ಲಿ ಹೊರಗಿನ ಬಡಾವಣೆಗಳ ಖಾಲಿ ರಸ್ತೆಗಳನ್ನೋ ಹೊಲಗಳ ಬಂಡಿದಾರಿಯನ್ನೋ ಬಳಸಬಹುದು.

ಲಾಭವೇನು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆಯಿದೆ. ಇದು ಪಟ್ಟಣದ ಕಾಯಿಲೆ ಎಂಬ ಕಾಲ ಹೋಯಿತು. ಹೊಲಕ್ಕೂ ಮೋಟರ್ ಸೈಕಲ್ಲಿನಲ್ಲೇ ಹೋಗಿ ಬರುವ ಇಂದಿನ ದಿನಗಳಲ್ಲಿ ಹಳ್ಳಿಯವರ ಮೈದಣಿವೂ ಕಡಿಮೆಯಾಗಿದೆ.

ಸೈಕಲ್ ತುಳಿಯುವಾಗ ತೊಡೆ, ಪಿರ್ರೆ ಮತ್ತು ಮೀನಖಂಡದ ದೊಡ್ಡ ಸ್ನಾಯುಗಳು ದುಡಿಯುತ್ತವೆ. ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಸೆಳೆದುಕೊಳ್ಳುತ್ತದೆ. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವಂತೆಯೂ ಆಗುತ್ತದೆ. ಈ ಪರಿಣಾಮ ಒಂದೆರಡು ದಿನ ಮಾತ್ರ ಉಳಿಯುವುದರಿಂದ ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ವ್ಯಾಯಾಮ ತಪ್ಪಿಸಬಾರದು. ನಿಯಮಿತವಾಗಿ ತುಳಿದರೆ ರಕ್ತದೊತ್ತಡವೂ ಹತೋಟಿಗೆ ಬರಲು ಸಹಾಯವಾಗುತ್ತದೆ.

ಮೊಣಕಾಲು ನೋವಿರುವವರಿಗೆ ಇನ್ನೊಂದು ಅನುಕೂಲವಿದೆ. ದೇಹದ ಭಾರವನ್ನು ಬಹುಪಾಲು ಸೀಟು ಹೊರುತ್ತದೆ. ಕೀಲಿನ ಮೇಲೆ ಬೀಳುವ ಹೊರೆ ಕಡಿಮೆ. ಆದರೆ ಇದೇ ಕಾರಣಕ್ಕೆ ಮೂಳೆ ಗಟ್ಟಿಯಾಗಲು ಸೈಕಲ್ ಒಂದೇ ಸಾಲದು. ಸಾಧ್ಯವಿದ್ದಷ್ಟು ನಡಿಗೆಯೂ ಇರಲಿ.

ಎಷ್ಟು, ಹೇಗೆ?

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನವಾದರೆ ಲೆಕ್ಕ ಸರಿಹೋಯಿತು. ವೇಗ ಎಷ್ಟಿರಬೇಕು? ಜೊತೆಯವರೊಡನೆ ಮಾತನಾಡಲು ಬರಬೇಕು, ಹಾಡು ಹೇಳಲು ಉಸಿರು ಸಾಲಬಾರದು. ಅದೇ ಸರಿಯಾದ ವೇಗ.

ಬಹಳ ದಿನ ಸೈಕಲ್ ಮುಟ್ಟದವರು ಮೊದಲ ವಾರ ಹತ್ತು ನಿಮಿಷ ಹೋಗಿ, ಹತ್ತು ನಿಮಿಷದಲ್ಲಿ ಹಿಂದಿರುಗಿ. ಮುಂದೆ ವಾರಕ್ಕೆ ಐದು ನಿಮಿಷ ಹೆಚ್ಚಿಸಿ. ಹೋಗುವಾಗ ಗಾಳಿ ಬೆನ್ನಿಗಿದ್ದರೆ ಬರುವಾಗ ಎದುರಿಗಿರುತ್ತದೆ ಎಂಬುದು ನೆನಪಿರಲಿ.

ಹೊಸ ಸೈಕಲ್ಲೇ ಆಗಬೇಕೆಂದಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಸರ್ಕಾರದ ಯೋಜನೆ 2006-07ರಲ್ಲಿ ಆರಂಭವಾಗಿತ್ತು. ಆಗ ಬಂದ ಸೈಕಲ್ ಗಾಳಿಯಿಲ್ಲದೆ ನಿಮ್ಮ ಮನೆಯ ಗೋಡೆಗೆ ಒರಗಿರಬಹುದು. ಬ್ರೇಕು, ಚೈನು, ಟೈರು ಸರಿ ಮಾಡಿಸಿದರೆ ಅದೇ ಸಾಕು.

ಸೀಟಿನ ಎತ್ತರ ಮುಖ್ಯ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟಾಗ ಮೊಣಕಾಲು ನೇರವಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಅದು ತುಸು ಬಾಗಿರುತ್ತದೆ. ಸೀಟು ತೀರ ತಗ್ಗಿನಲ್ಲಿದ್ದರೆ ಮೊಣಕಾಲಿನ ಮುಂಭಾಗ ನೋಯುತ್ತದೆ.

ಗರಸಿನ ಮೇಲೆ ಟೈರಿನಲ್ಲಿ ಗಾಳಿ ಡಾಂಬರು ರಸ್ತೆಗಿಂತ ತುಸು ಕಡಿಮೆಯಿರಲಿ, ಕುಲುಕಾಟ ತಗ್ಗುತ್ತದೆ. ತೀರ ಕಡಿಮೆಯಾದರೆ ರಿಮ್ಮು ಕಲ್ಲಿಗೆ ಬಡಿದು ಟ್ಯೂಬು ಹಾಳಾಗುತ್ತದೆ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯಬೇಡಿ. ತಗ್ಗು ಬಂದಾಗ ಸೀಟಿನಿಂದ ಸ್ವಲ್ಪ ಮೇಲೇಳಿ. ಸಡಿಲ ಕಲ್ಲಿನ ಮೇಲೆ ಮುಂದಿನ ಬ್ರೇಕನ್ನು ಒಮ್ಮೆಲೆ ಒತ್ತಿದರೆ ಚಕ್ರ ಜಾರುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಟೈರನ್ನೂ ತೂರಿ ಹೋಗುವುದರಿಂದ ಪಂಪು ಮತ್ತು ಪಂಕ್ಚರ್ ಸಾಮಾನು ಜೊತೆಗಿರಲಿ. ಮಳೆ ಬಂದ ಮರುದಿನ ಎರೆ ಮಣ್ಣಿನ ದಾರಿಗೆ ಇಳಿಯಬೇಡಿ. ಮಣ್ಣು ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ.

ಈ ಎಚ್ಚರಿಕೆಗಳನ್ನು ಮರೆಯಬೇಡಿ

1. ಲಾರಿ ಇಲ್ಲದ ದಾರಿ ಎಂದರೆ ಅಪಾಯವೇ ಇಲ್ಲದ ದಾರಿ ಎಂದಲ್ಲ. ಕಾಲುವೆಯ ಅಂಚಿಗೆ ಹೋಗದೆ, ಹೊಲದ ಕಡೆಯ ಬದಿಯಲ್ಲೇ ತುಳಿಯಿರಿ. ಸಿಮೆಂಟ್ ಹಾಕಿದ ಕಾಲುವೆಯ ಗೋಡೆ ಪಾಚಿಯಿಂದ ಜಾರುತ್ತದೆ. ಬಿದ್ದವರಿಗೆ, ಈಜು ಬಂದರೂ, ಹತ್ತಿ ಬರುವುದು ಕಷ್ಟ. ಮಕ್ಕಳನ್ನು ಒಂಟಿಯಾಗಿ ಕಳುಹಿಸಲೇಬೇಡಿ. ಯಾರಾದರೂ ಬಿದ್ದರೆ ಹಿಂದೆಯೇ ಜಿಗಿಯದೆ ಹಗ್ಗ, ಟವೆಲ್ಲು, ಉದ್ದನೆಯ ಕೋಲು ಯಾವುದನ್ನಾದರೂ ಚಾಚಿ, ಕೂಗಿ ಜನ ಸೇರಿಸಿ.

2. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಕು ಹರಿದ ಕೂಡಲೇ ಹೊರಟು ಎಂಟು ಗಂಟೆಯೊಳಗೆ ಮನೆ ಸೇರಿ. ಕತ್ತಲಲ್ಲಿ ಹೋಗಬೇಡಿ, ಹಾವು, ಗುಂಡಿ ಕಾಣುವುದಿಲ್ಲ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ, ಕಾಲುವೆ ನೀರು ಬೇಡ. ತಲೆಸುತ್ತು, ವಾಕರಿಕೆ ಬಂದರೆ ನೆರಳಿನಲ್ಲಿ ಮಲಗಿ. ಮೈ ಕೆಂಡದಂತೆ ಸುಟ್ಟು, ಮಾತು ತಡವರಿಸತೊಡಗಿದರೆ ಅದು ಬಿಸಿಲಾಘಾತ. ಮೈಗೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ.

3. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲಿ. ಕೈ ನಡುಗಿ, ಬೆವರು ಬಂದು, ಹಸಿವಾದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಿ. ಬರಿಗಾಲಲ್ಲಿ ತುಳಿಯದೆ ಮುಚ್ಚಿದ ಬೂಟು ಹಾಕಿ. ಮನೆಗೆ ಬಂದು ಪಾದ ನೋಡಿಕೊಳ್ಳಿ.

4. ಹೃದಯದ ತೊಂದರೆ ಇರುವವರು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು ಮೊದಲು ವೈದ್ಯರನ್ನು ಕೇಳಿ. ತುಳಿಯುವಾಗ ಎದೆ ಬಿಗಿದರೆ, ನೋವು ಎಡತೋಳಿಗೆ ಅಥವಾ ದವಡೆಗೆ ಹರಿದರೆ, ಅದನ್ನು ವಾಯು ಎಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಹೋಗಿ.

5. ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ಔಷಧ ಹೊಡೆಯುತ್ತಿದ್ದರೆ, ಭತ್ತದ ಹುಲ್ಲಿಗೆ ಬೆಂಕಿ ಹಾಕಿದ್ದರೆ ಆ ದಿನ ಬೇರೆ ದಾರಿ ಹಿಡಿಯಿರಿ. ದಮ್ಮು ಇರುವವರಿಗಂತೂ ಇದು ಕಡ್ಡಾಯ.

6. ಇಬ್ಬರಾಗಿ ಹೋಗುವುದು ಒಳ್ಳೆಯದು. ಯಾವ ದಾರಿಯಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ. ಕಿವಿಯಲ್ಲಿ ಹಾಡು ಬೇಡ. ಹಿಂದಿನಿಂದ ಬರುವ ಟ್ರ್ಯಾಕ್ಟರಿನ ಸದ್ದು ಕೇಳಿಸಬೇಕು.

ಸೈಕಲ್ ತುಳಿದರೆ ನಾಲ್ಕು ಜನ ಏನಂದಾರು ಎಂಬ ಸಂಕೋಚ ಇನ್ನೂ ಅನೇಕರಲ್ಲಿದೆ, ಹೆಣ್ಣುಮಕ್ಕಳಲ್ಲಿ ಹೆಚ್ಚು. ಗಂಡ-ಹೆಂಡತಿ, ಅಪ್ಪ-ಮಗಳು, ಅತ್ತಿಗೆ-ನಾದಿನಿ ಜೊತೆಯಾಗಿ ಹೊರಟರೆ ಈ ಸಂಕೋಚ ವಾರದೊಳಗೆ ಹೋಗುತ್ತದೆ. ಮೂರು ತಿಂಗಳು ತಪ್ಪದೆ ತುಳಿದು ರಕ್ತದ ಸಕ್ಕರೆ ಮತ್ತು ರಕ್ತದೊತ್ತಡವನ್ನು ಮತ್ತೆ ಪರೀಕ್ಷಿಸಿಕೊಳ್ಳಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ಬಿಡಬೇಡಿ. ಅದು ವೈದ್ಯರಿಗೆ ಬಿಟ್ಟ ವಿಷಯ. ಈ ಭಾನುವಾರ ಸೈಕಲ್ಲಿಗೆ ಗಾಳಿ ಹಾಕಿಸಿ, ಸೀಟಿನ ಎತ್ತರ ನೋಡಿ, ಹತ್ತು ನಿಮಿಷ ಹೋಗಿ ಬನ್ನಿ.