ಸಿಲೇನ್ ಅನಿಲದಿಂದ ಸಿಲಿಕಾನ್ ಪುಡಿ: ಉದ್ಯಮಿಗಳು ಅರಿಯಬೇಕಾದ ಅಂಶಗಳು

ಬಂಗಾರಪೇಟೆ–ಜೋಲಾರ್‌ಪೇಟೆ ರೈಲುಮಾರ್ಗದಲ್ಲಿರುವ ಕಾಮಸಮುದ್ರವು ಕೋಲಾರದ ಚಿನ್ನದ ಗಣಿಗಳಿಗೆ ನೆರೆಯ ಊರು. ಆ ಗಣಿಗಳಲ್ಲಿ ಚಿನ್ನ ದೊರೆಯುತ್ತಿದ್ದುದು ಬೆಣಚುಕಲ್ಲಿನ ಪದರಗಳಲ್ಲಿ. ಗಣಿಗಾರಿಕೆಯು 2001ರಲ್ಲಿ ಸ್ಥಗಿತಗೊಂಡಿತು. ಬೆಣಚು ಸಿಲಿಕಾನ್ ಮತ್ತು ಆಮ್ಲಜನಕಗಳ ಸಂಯುಕ್ತವಾದುದರಿಂದ, ಲಿಥಿಯಂ ಬ್ಯಾಟರಿಗಳಿಗೆ ಬೇಕಾಗುವ ಸಿಲಿಕಾನ್ ಪುಡಿಯನ್ನು ಈ ಭಾಗದಲ್ಲಿಯೇ ತಯಾರಿಸಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಬಂಡವಾಳ ಹೂಡುವ ಮುನ್ನ ತಯಾರಿಕೆಯ ಹಂತಗಳನ್ನು ಅರಿಯುವುದು ಅಗತ್ಯ.

ಬೇಡಿಕೆಯ ಕಾರಣ: ಬ್ಯಾಟರಿಯ ಋಣಧ್ರುವದಲ್ಲಿ ಬಳಸುವ ಗ್ರಾಫೈಟ್ ಗ್ರಾಮಿಗೆ 372 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುದಾವೇಶವನ್ನು ಹಿಡಿದಿಡಬಲ್ಲದು. ಸಿಲಿಕಾನಿನ ಸಾಮರ್ಥ್ಯ ಸೈದ್ಧಾಂತಿಕವಾಗಿ ಇದರ ಸುಮಾರು ಹತ್ತು ಪಟ್ಟು. ಆದರೆ ಆವೇಶಗೊಳ್ಳುವಾಗ ಅದು ಬಹಳವಾಗಿ ಉಬ್ಬಿ ಬಿರುಕು ಬಿಡುತ್ತದೆ. ಕಣಗಳು ಸುಮಾರು 150 ನ್ಯಾನೊಮೀಟರಿಗಿಂತ ಚಿಕ್ಕದಾಗಿದ್ದರೆ ಬಿರುಕು ತಪ್ಪುತ್ತದೆ.

ತಯಾರಿಕೆಯ ಕ್ರಮ: ಬೆಣಚನ್ನು ಇದ್ದಿಲಿನೊಡನೆ ವಿದ್ಯುತ್ ಕುಲುಮೆಯಲ್ಲಿ ಕಾಸಿ ಸಿಲಿಕಾನ್ ಪಡೆಯಲು ಕಿಲೋಗ್ರಾಮಿಗೆ 11ರಿಂದ 13 ಯೂನಿಟ್ ವಿದ್ಯುತ್ ತಗಲುತ್ತದೆ. ಅದನ್ನು ಟ್ರೈಕ್ಲೋರೋಸಿಲೇನ್ ಆಗಿ ಪರಿವರ್ತಿಸಿ, ಬಟ್ಟಿಯಿಳಿಸಿ ಶುದ್ಧಗೊಳಿಸಿ, ಅದರಿಂದ ಸಿಲೇನ್ ಅನಿಲವನ್ನು ಪಡೆಯಬಹುದು. ಸುಮಾರು 400 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಸಿಲೇನ್ ವಿಭಜನೆಗೊಂಡು ಸಿಲಿಕಾನ್ ಮತ್ತು ಹೈಡ್ರೋಜನ್ ಉಂಟಾಗುತ್ತವೆ. ಒಂದು ಕಿಲೋಗ್ರಾಂ ಸಿಲಿಕಾನಿಗೆ ಕನಿಷ್ಠ 1.14 ಕಿಲೋಗ್ರಾಂ ಸಿಲೇನ್ ಬೇಕು.

ಪುಡಿಯೋ ಪದರವೋ: ಬಿಸಿಯಾದ ಗೋಡೆಯ ಮೇಲೆ ವಿಭಜನೆ ನಡೆದರೆ ಸಿಲಿಕಾನ್ ಪದರವಾಗಿ ಕೂರುತ್ತದೆ, ಅನಿಲದ ನಡುವೆಯೇ ನಡೆದರೆ ಪುಡಿಯಾಗುತ್ತದೆ. ಉಷ್ಣತೆ ಮತ್ತು ಸಿಲೇನಿನ ಸಾಂದ್ರತೆ ಹೆಚ್ಚಿದಂತೆ ಪುಡಿಯ ಪಾಲು ಹೆಚ್ಚುತ್ತದೆ. ಅನಿಲವು ಕುಲುಮೆಯಲ್ಲಿ ಹೆಚ್ಚು ಹೊತ್ತು ಉಳಿದರೆ ಕಣಗಳು ಬೆಳೆದು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಅಪಾಯ: ಸಿಲೇನ್ ಗಾಳಿ ಸೋಕಿದೊಡನೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಹೊತ್ತಿಕೊಳ್ಳದೆ ಶೇಖರಗೊಂಡರೆ ನಂತರ ಸ್ಫೋಟಿಸುವ ಭಯವಿದೆ. ಸಿಲಿಕಾನ್ ಧೂಳೂ ಸ್ಫೋಟಕಾರಿ. ಆದುದರಿಂದ ಪ್ರತಿ ಹಂತದಲ್ಲಿಯೂ ಗಾಳಿಯನ್ನು ಹೊರಗಿಡಬೇಕು.

ಈ ಕ್ಷೇತ್ರದ ಜ್ಞಾನ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಆರ್. ವಾಸುದೇವಮೂರ್ತಿಯವರ ನೇತೃತ್ವದಲ್ಲಿ ರೂಪುಗೊಂಡ ಶುದ್ಧ ಸಿಲಿಕಾನ್ ತಂತ್ರಜ್ಞಾನವು 1980ರ ದಶಕದಲ್ಲಿ ತಮಿಳುನಾಡಿನ ಮೆಟ್ಟೂರಿನಲ್ಲಿ ಕಾರ್ಖಾನೆಯ ರೂಪ ತಾಳಿತು. ಅಲ್ಲಿ ಬಳಸಿದ್ದು ಟ್ರೈಕ್ಲೋರೋಸಿಲೇನ್ ಮಾರ್ಗ.

ಬೆಣಚು ಸಮೀಪದಲ್ಲಿದೆ ಎಂಬುದೊಂದೇ ಈ ಉದ್ಯಮಕ್ಕೆ ಸಾಕಾದ ಆಧಾರವಾಗಲಾರದು. ವೆಚ್ಚದ ಬಹುಪಾಲು ಶುದ್ಧ ಅನಿಲ, ವಿದ್ಯುತ್ ಮತ್ತು ಸುರಕ್ಷತೆಗಳಿಗೆ ಸಲ್ಲುತ್ತದೆ. ಸಣ್ಣ ಉದ್ಯಮಿಗಳು ಕೊಳ್ಳುವವರಿಂದ ಕಣದ ಗಾತ್ರ ಹಾಗೂ ಶುದ್ಧತೆಯ ಮಾನದಂಡಗಳನ್ನು ಲಿಖಿತವಾಗಿ ಪಡೆದು, ಅನಿಲ ಪೂರೈಕೆಯನ್ನು ಖಚಿತಪಡಿಸಿಕೊಂಡ ನಂತರವೇ ಮುಂದಿನ ಹೆಜ್ಜೆ ಇಡುವುದು ಒಳಿತು.